ಧನಿಷ್ಠೆಯಲ್ಲಿ ಹೋದವರು

ಸಿದ್ದಾಪುರದ ಬಾಡಿಗೆ ಮನೆಯಲ್ಲಿ ಹೆಂಡತಿ ವಿಮಲಾ ತೀರಿಕೊಂಡಾಗ ಚಕ್ರಪಾಣಿ ಅಳಲಿಲ್ಲ, ಪಂಚಾಂಗ ತೆಗೆದು ನೋಡಿದ. ಧನಿಷ್ಠಾ ನಕ್ಷತ್ರ. ಅದರಲ್ಲಿ ಸಾವಾದ ಮನೆಗೆ ಆರು ತಿಂಗಳು ಬೀಗ ಹಾಕಬೇಕು. ಮನೆಯ ಯಜಮಾನರಿಗೆ ಆ ನಕ್ಷತ್ರದ ಸುದ್ದಿಯೇ ಗೊತ್ತಿರಲಿಲ್ಲ. ಪುರೋಹಿತರ ಮಗನಾದ ಇವನೇ ಹೋಗಿ ಹೇಳಿದ. ಅವರು ಹೆದರಿ, ಹದಿಮೂರು ದಿನ ಮುಗಿಸಿ ಹೊರಡಿ, ಮತ್ತೆ ಬರುವುದೂ ಬೇಡ ಎಂದರು. ಸರಿ ಎಂದ.

ಅದು ಐವತ್ತೊಂಬತ್ತನೇ ಇಸವಿ. ಪಕ್ಕದ ಜಯನಗರದಲ್ಲಿ ಇನ್ನೂ ಅರೆಬರೆ ಕಟ್ಟಿದ ಮನೆಗಳು. ಅಂಚೆ ಕಚೇರಿಯ ಕೆಲಸ ಮುಗಿಸಿ ದಿನಾ ಸಂಜೆ ಬಾಡಿಗೆ ಮನೆಗಾಗಿ ಬೀದಿ ಸುತ್ತಿದ. ಹಿಂದಿನ ಮನೆ ಯಾಕೆ ಬಿಟ್ಟಿರಿ ಎಂದು ಎಲ್ಲರೂ ಕೇಳುವವರೇ. ಸತ್ಯಹರಿಶ್ಚಂದ್ರನ ತುಂಡು ಇವನು, ಇದ್ದದ್ದು ಇದ್ದಂತೆ ಹೇಳಿಬಿಡುತ್ತಿದ್ದ. ಬಾಗಿಲು ಮುಚ್ಚುತ್ತಿತ್ತು. ಅವನಿಗೆ ಬೇಸರವೂ ಆಗುತ್ತಿರಲಿಲ್ಲ, ಏನೂ ಆಗುತ್ತಿರಲಿಲ್ಲ.

ನಾಲ್ಕನೇ ಬ್ಲಾಕಿನ ಕೊಟ್ರಪ್ಪ ಮೇಷ್ಟ್ರು ಮಾತ್ರ ಪೂರ್ತಿ ಕೇಳಿಸಿಕೊಂಡರು. ದೇವರು ದಿಂಡರು ಯಾವುದನ್ನೂ ನಂಬದ ಆಸಾಮಿ.

“ಸಾಯೋರು ನಕ್ಷತ್ರ ನೋಡ್ಕೊಂಡು ಸಾಯ್ತಾರೇನ್ರೀ? ಹಿಂದ್ಗಡೆ ರೂಮು ಖಾಲಿ ಇದೆ, ಬನ್ನಿ.”

ಆ ಮಾತು ಚಕ್ರಪಾಣಿಗೆ ಹಿಡಿಸಲಿಲ್ಲ. ಆದರೂ ರಾಹುಕಾಲ ಕಳೆಯುವವರೆಗೆ ಗೇಟಿನಲ್ಲೇ ನಿಂತಿದ್ದು ಒಳಗೆ ಬಂದ. ಇಬ್ಬರದೂ ಎಣ್ಣೆ ಸೀಗೇಕಾಯಿ. ಜಗಲಿಯ ಮೇಲೆ ಕೂತು ದಿನಾ ಜಗಳ. ಒಂದು ದಿನ ಇವನು ತಡವಾಗಿ ಬಂದರೆ ಮೇಷ್ಟ್ರು ಕಾಫಿ ಮುಟ್ಟುತ್ತಿರಲಿಲ್ಲ. ಚಕ್ರಪಾಣಿಗೆ ಜಗತ್ತಿನಲ್ಲಿ ಉಳಿದಿದ್ದ ರುಚಿ ಆ ಜಗಳವೊಂದೇ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಎದೆನೋವೆಂದು ಮಲಗಿದವರು ಏಳಲಿಲ್ಲ. ಅವರ ಹೆಂಡತಿ ಜಯಶೀಲಾ ಗಂಡನಂತಲ್ಲ, ಎಲ್ಲವನ್ನೂ ನಂಬುವವರು. ಮಕ್ಕಳಿಲ್ಲ, ಹೋಗಲು ಬೇರೆ ನೆಲೆಯಿಲ್ಲ. ನೆರೆದ ಜನರ ಮುಂದೆ ಅವರು ಇವನನ್ನೇ ಕೇಳಿದರು.

“ನಕ್ಷತ್ರ ನೋಡಿ ಸ್ವಾಮೀ. ನಾನು ಮನೆ ಬಿಡ್ಬೇಕಾ?”

ಚಕ್ರಪಾಣಿ ಪಂಚಾಂಗ ಬಿಚ್ಚಿದ. ಅದೇ ಧನಿಷ್ಠೆ. ಆ ಅಕ್ಷರದ ಮೇಲೆ ಬೆರಳಿಟ್ಟುಕೊಂಡೇ ಹೇಳಿದ.

“ದೋಷ ಏನೂ ಇಲ್ಲ ತಾಯಿ. ನಿಮ್ಮನೇಲೇ ಇರಿ.”

ಹುಟ್ಟಿದ ಮೇಲೆ ಹೇಳಿದ ಮೊದಲ ಸುಳ್ಳು. ನಾಲಿಗೆ ತಡವರಿಸಲೂ ಇಲ್ಲ. ಪುಸ್ತಕ ಮಡಿಸುವಾಗ ಹೊಳೆಯಿತು: ಸಿದ್ದಾಪುರದಲ್ಲಿ ತನ್ನನ್ನು ಯಾರೂ ಕೇಳಿರಲೇ ಇಲ್ಲ. ಸುಮ್ಮನಿದ್ದಿದ್ದರೆ ಸಾಕಿತ್ತು. ವಿಮಲಾ ಸಾರಿಸುತ್ತಿದ್ದ ಒಲೆ, ಅವಳು ನೆಟ್ಟ ಮಲ್ಲಿಗೆ, ಎಲ್ಲವನ್ನೂ ತಾನೇ ಹೋಗಿ ಒಪ್ಪಿಸಿ ಬಂದಿದ್ದ.

ಆಗ ಅಳು ಬಂತು. ಮೇಷ್ಟ್ರಿಗಾಗಿ ಅಳುತ್ತಿದ್ದಾನೆಂದು ಜನ ಸಮಾಧಾನ ಮಾಡಿದರು.