‘ಏನೂ ಆಗಲ್ಲ ಬಿಡಿ’ ಎಂಬ ಬಿಟ್ಟಿ ಮಾತ್ರೆ

ಈಚಿನ ಕೆಲವು ತಿಂಗಳಲ್ಲಿ ನನಗೆ ಬಾರದ ಕಾಯಿಲೆಯೇ ಇಲ್ಲ. ಸೋಮವಾರ ದಮ್ಮು, ಬುಧವಾರ ಉರಿಮೂತ್ರ, ಶುಕ್ರವಾರ ಅರೆತಲೆನೋವು. ಒಂದು ಶನಿವಾರ ಮಧ್ಯಾಹ್ನ ಗರ್ಭಿಣಿಯೂ ಆಗಿದ್ದೆ. (ನನ್ನ ಹೊಟ್ಟೆ ನೋಡಿದವರು ಇದನ್ನು ನಂಬದಿರಲು ಕಾರಣವಿಲ್ಲ.)

ಗಾಬರಿಯಾಗಬೇಡಿ. ಇದೆಲ್ಲ ನಾಟಕ. ಲಂಡನ್ನಿನ ಹ್ಯಾರೋದಲ್ಲಿ ನಮ್ಮ ಪಕ್ಕದ ಮನೆಯ ನೀಲಾಂಬಿಕಾ ಪರೀಕ್ಷೆಗೆ ತಯಾರಾಗುತ್ತಿದ್ದಳು, ನಾನು ಅವಳ ಅಭ್ಯಾಸದ ರೋಗಿ. ನೀಲಾ ಧಾರವಾಡದ ಹೆಣ್ಣುಮಗಳು. ಇಲ್ಲಿನ ಆಸ್ಪತ್ರೆಯ ವಾರ್ಡುಗಳಲ್ಲಿ ವರ್ಷಗಟ್ಟಲೆ ದುಡಿದ ನರ್ಸ್. ಈಗ ಒಂದು ಜಿಪಿ ಸರ್ಜರಿಯಲ್ಲಿ (ಇಲ್ಲಿ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿಗೆ ಈ ಹೆಸರು) ನರ್ಸ್ ಪ್ರಾಕ್ಟೀಷನರ್ ಆಗಲು ಹೊರಟಿದ್ದಳು. ಅಂದರೆ, ಕೂಸಿನ ಕಿವಿನೋವಿನಿಂದ ಹಿಡಿದು ಅಜ್ಜನ ಬಿಪಿಯವರೆಗೆ ಇಡೀ ಸಂಸಾರವನ್ನು ತಾನೇ ಪರೀಕ್ಷಿಸಿ, ಏನಾಗಿದೆ ಎಂದು ತಾನೇ ನಿರ್ಧರಿಸುವ ನರ್ಸ್.

ಥಿಯರಿಯಲ್ಲಿ ಪಾಸಾಗಿದ್ದಳು. ಕೊನೆಯ ಪ್ರಾಕ್ಟಿಕಲ್ಲಿನಲ್ಲಿ ಫೇಲು. ಇನ್ನು ಉಳಿದದ್ದು ಒಂದೇ ಅವಕಾಶ. ಅದೂ ಕೈಬಿಟ್ಟರೆ ಸರ್ಜರಿಯವರು ಅವಳಿಗೆಂದು ಇಟ್ಟುಕೊಂಡಿದ್ದ ಹುದ್ದೆ ಬೇರೆಯವರ ಪಾಲು, ಇವಳು ಮತ್ತೆ ವಾರ್ಡಿನ ಪಾಲು.

ಫೇಲಾದದ್ದು ಯಾವುದರಲ್ಲಿ ಗೊತ್ತೆ? ಸ್ಟೆತಸ್ಕೋಪ್ ಹಿಡಿಯುವುದರಲ್ಲಿ ಅಲ್ಲ. ಔಷಧದ ಅಳತೆಯಲ್ಲಿ ಅಲ್ಲ. ಸಮಾಧಾನ ಹೇಳುವುದರಲ್ಲಿ.

ಈ ಪರೀಕ್ಷೆಗೆ ರೋಗಿಗಳಾಗಿ ಬರುವವರು ಬಾಡಿಗೆ ನಟರು. ಎಲ್ಲೂ ಪಾತ್ರ ಸಿಗದವರು ಇಲ್ಲಿ ಬಂದು ಕೆಮ್ಮುತ್ತಾರೆ. ಮೂಲೆಯಲ್ಲಿ ಪರೀಕ್ಷಕಿ ಕೂತು ಗುರುತು ಹಾಕುತ್ತಾಳೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದಕ್ಕೆ ಮಾರ್ಕು, ಕನಿಕರ ತೋರಿಸಿದ್ದಕ್ಕೆ ಮಾರ್ಕು. ಟ್ಯೂಬ್ ರೈಲಿನಲ್ಲಿ ಎದುರು ಕೂತವನ ಮುಖ ನೋಡಿದರೆ ಅಪರಾಧ ಎನ್ನುವ ಊರಿದು. ಇಲ್ಲಿ ಮಾತ್ರ ನೋಡದಿದ್ದರೆ ಅಪರಾಧವಂತೆ!

ಕೆಮ್ಮಿದಾಗ ರಕ್ತ ಬಿತ್ತು ಎಂದ ಮುದುಕನ ಪಾತ್ರಧಾರಿ, ಇದು ದೊಡ್ಡದೇನೂ ಅಲ್ಲ ತಾನೆ ಎಂದು ನೀಲಾಳನ್ನು ಕೇಳಿದನಂತೆ. ಇವಳು ಧಾರವಾಡದ ಕನ್ನಡವನ್ನು ಹಾಗೇ ಇಂಗ್ಲಿಷಿಗೆ ಬಗ್ಗಿಸಿಬಿಟ್ಟಳು. ‘ನಥಿಂಗ್ ವಿಲ್ ಹ್ಯಾಪನ್ ಟು ಯೂ.’ ಅಂದರೆ, ಏನೂ ಆಗಂಗಿಲ್ರೀ. ಪರೀಕ್ಷಕಿಯ ಪೆನ್ನು ಅಲ್ಲೇ ನಿಂತಿತು. ಸುಳ್ಳು ಭರವಸೆ, ರೋಗಿಗೆ ಅಪಾಯ, ಫೇಲು.

ಕೇಳಿ ನನಗೆ ಮೈಯೆಲ್ಲ ಉರಿಯಿತು. ಕಾಲು ತುಳಿಸಿಕೊಂಡವರೇ ‘ಸಾರಿ’ ಎನ್ನುವ ಜನ ಇವರು. ಇವರಿಗೆ ನಮ್ಮ ಸಾಂತ್ವನದ ಬೆಲೆ ಏನು ಗೊತ್ತು? ರೋಗಿಯಾಗಲು ನಾನು ಒಪ್ಪಿಕೊಂಡದ್ದೇ ಆ ಸಿಟ್ಟಿನಲ್ಲಿ.

ನಮ್ಮ ಲೌಂಜಿನಲ್ಲಿ ಟಿವಿ, ವಿಸಿಆರ್ ಮೂಲೆ ಸೇರಿದವು. ನನ್ನ ಹೆಂಡತಿ ಸುಮಿತ್ರಾ ಪರೀಕ್ಷಕಿ. ಅವಳ ಕೈಯಲ್ಲಿ ಸೌಟು, ಮುಂದೆ ಸ್ಟೀಲ್ ತಟ್ಟೆ. ನೀಲಾ ಆ ಮಾತು ಆಡಿದ ಕೂಡಲೇ ಟಣ್! ಮೊದಲ ವಾರವೆಲ್ಲ ನಮ್ಮ ಮನೆ ಮಂಗಳಾರತಿ ಹೊತ್ತಿನ ದೇವಸ್ಥಾನದ ಹಾಗಿತ್ತು. ಎಲ್ಲಿ ನೋವು, ಯಾವಾಗಿನಿಂದ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಕೇಳುತ್ತಿದ್ದಳು. ಕೊನೆಗೆ ನಾನು ಮುಖ ಸಣ್ಣಗೆ ಮಾಡಿದೆನೋ, ಆ ಮಾತು ಜಾರಿತು. ಪಾರ್ಶ್ವವಾಯು ಬಡಿದವನಿಗೂ ಏನೂ ಆಗುವುದಿಲ್ಲ, ಗರ್ಭಿಣಿಗೂ ಏನೂ ಆಗುವುದಿಲ್ಲ. (ಗರ್ಭಿಣಿಗೆ ಏನೂ ಆಗದಿದ್ದರೆ ಹೇಗೆ ತಾಯಿ?)

ಇದರ ನಡುವೆ ಯುಗಾದಿ ಊಟ ಬಂತು. ಹ್ಯಾರೋದ ಒಂದು ಬಾಡಿಗೆ ಹಾಲ್‌ನಲ್ಲಿ ಕನ್ನಡಿಗರೆಲ್ಲ ಸೇರಿದ್ದೆವು. ನಮ್ಮ ಟೇಬಲ್ಲಿಗೆ ಒಬ್ಬ ಡಾಕ್ಟರು ಬಂದರು. (ಹೆಸರು ಬೇಡ. ಹೇಳದಿದ್ದರೂ ಐದಾರು ಮಂದಿ ತಮ್ಮ ಬಗ್ಗೆಯೇ ಬರೆದದ್ದು ಎಂದು ಫೋನ್ ಮಾಡುತ್ತಾರೆ.) ಸುಮಿತ್ರಾ ನೀಲಾಳ ಪರೀಕ್ಷೆಯ ವಿಷಯ ಎತ್ತಿದಳು. ನರ್ಸ್‌ಗಳಿಗೂ ಈಗ ಎಕ್ಸಾಮಾ ಎಂದು ಡಾಕ್ಟರು ಹುಬ್ಬೇರಿಸಿದರು. ಹೌದ್ರೀ ಸರ, ಈ ಸಲ ಭಾಳ ಅಂಜಿಕಿ ಆಗೇತಿ ಎಂದು ನೀಲಾ ಶುರು ಮಾಡಿದಳು.

‘ಅಯ್ಯೋ, ಏನೂ ಆಗಲ್ಲ ಬಿಡಿ’ ಎಂದವರೇ ಹೋಳಿಗೆಯ ಕಡೆ ನಡೆದರು.

ಹಿಂದೆಯೇ ಬಂದ ಅವರ ಶ್ರೀಮತಿಯವರೂ ಅದನ್ನೇ ಹೇಳಿದರು. ಟೇಬಲ್ಲಿನಲ್ಲಿ ಕೂತವರೆಲ್ಲ ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹೇಳಿದರು. ಎಂಥ ಪರೀಕ್ಷೆ, ಯಾವಾಗ, ಯಾವುದು ಕಷ್ಟ ಎಂದು ಕೇಳಿದವರು ಒಬ್ಬರೂ ಇಲ್ಲ. ನೀಲಾ ತಲೆಯಾಡಿಸಿ ಕೋಸಂಬರಿ ತಿಂದಳು. ನನ್ನ ಮುಂದೆ ತಟ್ಟೆಯೇನೋ ಇತ್ತು, ಸೌಟಿರಲಿಲ್ಲ.

ಮರುದಿನ ಸಂಜೆ ನನಗೆ ಎದೆನೋವಿನ ಪಾತ್ರ. ಮೆಟ್ಟಿಲು ಹತ್ತುವಾಗ ನೋವು ಬರುತ್ತದೆ ಎಂದು ಹೇಳಬೇಕಿತ್ತು. ಹೇಳಿದೆ. ಹೇಳುತ್ತ ಹೇಳುತ್ತ ಮಾತು ಕನ್ನಡಕ್ಕೆ ತಿರುಗಿತು, ಯಾಕೋ ನಿಲ್ಲಲೂ ಇಲ್ಲ. ಮೈಸೂರಿನಲ್ಲಿ ನನ್ನ ಅಣ್ಣ ಬೆಳಿಗ್ಗೆ ಷೂ ಕಟ್ಟಿಕೊಳ್ಳುತ್ತ ಕೂತವನು ಏಳಲಿಲ್ಲ. ಅವನ ಆ ವಯಸ್ಸು ಈಗ ನನ್ನದು. ಸ್ಟೇಷನ್ನಿನ ಮೆಟ್ಟಿಲ ನಡುವೆ ನಾನು ಪೇಪರ್ ಓದುವವನ ಹಾಗೆ ನಿಲ್ಲುತ್ತೇನೆ, ನಿಜಕ್ಕೂ ಓದುತ್ತಿರುವುದಿಲ್ಲ. ಇದ್ಯಾವುದೂ ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

‘ಏನೂ ಆಗಂಗಿಲ್ರೀ ಅಣ್ಣಾರ’ ಎಂದಳು ನೀಲಾ.

ತಟ್ಟೆ ಸದ್ದು ಮಾಡಲಿಲ್ಲ. ಸುಮಿತ್ರಾ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ‘ಹೌದೌದು, ಏನಾಗತ್ತೆ?’ ಎಂದು ನಕ್ಕುಬಿಟ್ಟೆ. ಇನ್ನೂ ಹೇಳುವುದಿತ್ತು, ಆದರೆ ಏನೂ ಆಗುವುದಿಲ್ಲ ಎಂದು ತೀರ್ಪು ಬಂದ ಮೇಲೆ ಮಾತು ಮುಂದುವರಿಸಿದರೆ ನಾನು ಪುಕ್ಕಲ, ಅಷ್ಟೇ. ಆ ಪರೀಕ್ಷಕಿ ಪೆನ್ನು ನಿಲ್ಲಿಸಿದ್ದು ಯಾಕೆಂದು ನನಗೆ ಆಗ ತಿಳಿಯಿತು. ಹೊಟ್ಟೆಯೂ ಉರಿಯಿತು, ಅವಳದೇ ಸರಿಯಾಯಿತಲ್ಲ ಎಂದು.

ನೀಲಾ ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡಳು.

‘ತಪ್ಪಾತ್ರೀ, ಹಂಗ ಅನ್ನಬಾರದಿತ್ತು. ನಿಮಗ ಯಾವುದರ ಅಂಜಿಕಿ ಐತಿ, ಹೇಳ್ರಿ.’

ಹೇಳಿದೆ. ಬಹಳ ಹೊತ್ತು ಹೇಳಿದೆ. ಸುಮಿತ್ರಾ ಸೌಟು ಕೆಳಗಿಟ್ಟು ನನ್ನ ಪಕ್ಕ ಬಂದು ಕೂತಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೂ ಅದು ಹೊಸ ಸುದ್ದಿ. (ಜಿಪಿಯ ಹತ್ತಿರ ಹೋಗಿ ಬಂದೆ. ಮಾತ್ರೆ ಕೊಟ್ಟಿದ್ದಾರೆ. ದಯವಿಟ್ಟು ಯಾರೂ ಹಣ್ಣು ಹಿಡಿದುಕೊಂಡು ಬರಬೇಡಿ.)

ಆ ಸಂಜೆಯಿಂದ ನನಗೆ ಈ ಮಾತು ಕಂಡರಾಗದು. ಕೆಲಸ ಕಳೆದುಕೊಂಡವನಿಗೆ ಏನೂ ಆಗಲ್ಲ ಬಿಡಿ. ಮಗಳ ಮದುವೆ ಮುರಿದುಬಿದ್ದವರಿಗೆ ಏನೂ ಆಗಲ್ಲ ಬಿಡಿ. ಕಣ್ಣು ಮಂಜಾಗುತ್ತಿದೆ ಎಂದು ಊರಿಂದ ಫೋನಿನಲ್ಲಿ ಹೇಳುವ ಅತ್ತೆಗೂ ಅದೇ. ಎಲ್ಲ ರೋಗಕ್ಕೂ ಒಂದೇ ಮಾತ್ರೆ, ಅದೂ ಬಿಟ್ಟಿ. ಆಗುವುದು ಆಗಿಯೇ ಹೋಗಿರುತ್ತದೆ ಸ್ವಾಮಿ, ಕಣ್ಣೆದುರೇ ಆಗುತ್ತಿರುತ್ತದೆ! ನಮಗೆ ಮಾತ್ರ ಕೇಳಲು ಪುರುಸೊತ್ತಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಲು ಮರ್ಯಾದೆ ಅಡ್ಡ ಬರುತ್ತದೆ, ಅದಕ್ಕೆ ಈ ಮಾತು. ಕೊನೆಯಲ್ಲಿರುವ ಆ ‘ಬಿಡಿ’ಯನ್ನು ಗಮನಿಸಿದ್ದೀರಾ? ಚಿಂತೆ ಬಿಡಿ ಎಂದಲ್ಲ, ನನ್ನನ್ನು ಬಿಡಿ ಎಂದು.

ಪರೀಕ್ಷೆಯ ದಿನ ನೀಲಾಳಿಗೆ ಸಿಕ್ಕಿದ್ದು ಎದೆಯಲ್ಲಿ ಗಂಟು ಕಂಡ ಹೆಂಗಸಿನ ಪಾತ್ರಧಾರಿ. ಅವಳೂ ಕೇಳಿದಳಂತೆ, ಇದು ಏನೂ ಅಲ್ಲ ತಾನೆ? ಮಾತು ನಾಲಿಗೆ ತುದಿಗೆ ಬಂದಿತ್ತಂತೆ, ನಮ್ಮ ಮನೆಯ ತಟ್ಟೆ ಕಿವಿಯಲ್ಲಿ ಟಣ್ ಎಂದಿತಂತೆ. ನುಂಗಿಕೊಂಡಳು. ಇನ್ನೂ ಗೊತ್ತಿಲ್ಲ, ತಿಳಿಯಲು ಇಂತಿಂಥ ಟೆಸ್ಟ್ ಮಾಡಿಸಬೇಕು ಎಂದಳು. ಆಮೇಲೆ, ನಿಮಗೆ ಯಾವುದರ ಭಯ ಎಂದು ಕೇಳಿ ಸುಮ್ಮನೆ ಕೂತಳು. ಹೊರಗೆ ಬಂದ ಮೇಲೆ ನನ್ನ ಕಾರಿನಲ್ಲಿ, ನಾ ಪಾಸಾಗ್ತೀನೇನ್ರೀ ಅಣ್ಣಾರ ಎಂದಳು. ಗೊತ್ತಿಲ್ಲಮ್ಮ ಎಂದೆ. ಅಷ್ಟು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದರೆ, ತಪ್ಪು ರಸ್ತೆಗೆ ಗಾಡಿ ತಿರುಗಿಸಿದೆ.

ಪಾಸಾದಳು. ಸರ್ಜರಿಯ ಬಾಗಿಲ ಮೇಲೆ ಅವಳ ಹೆಸರು ಬಂದಿದೆ.

ಕಳೆದ ಭಾನುವಾರ ಅದೇ ಹಾಲ್‌ನಲ್ಲಿ ಮತ್ತೆ ಊಟ, ಮತ್ತೆ ಅದೇ ಡಾಕ್ಟರು. ಸುದ್ದಿ ಕೇಳಿ ಅವರ ಮುಖ ಅರಳಿತು, ತಾವೇ ಪಾಠ ಹೇಳಿ ಪಾಸು ಮಾಡಿಸಿದವರ ಹಾಗೆ.

‘ನಾನು ಅವತ್ತೇ ಹೇಳಿರಲಿಲ್ವೇನ್ರೀ, ಏನೂ ಆಗಲ್ಲ ಅಂತ?’

ನೀಲಾ ಊಟದ ತಟ್ಟೆ ಕೆಳಗಿಟ್ಟು ಕೈಮುಗಿದಳು. ‘ಆತಲ್ರೀ ಸರ. ನಾ ಪಾಸಾದ್ನಿ.’