ಸೋಲಾರ್ ಪ್ಲೇಟು ಹೊತ್ತು ಮುಲುಂಡಿಗೆ

ನಾನು ಮುಂಬಯಿಗೆ ಹೋದದ್ದು ಕಳ್ಳನನ್ನು ಹಿಡಿಯಲು. ಸಮುದ್ರ ನೋಡಲಿಲ್ಲ, ಗುಡಿ ನೋಡಲಿಲ್ಲ. ಮೂರು ದಿನ ಇದ್ದು ಬಂದೆ. ನಾಲ್ಕನೇ ಇಯತ್ತೆ ಓದಿದವಳೂ ಪ್ರವಾಸ ಬರೆಯುವುದೇ ಎಂದು ನಗುವವರು ನಗಲಿ. ಹೋಗಿ ಬಂದವಳು ನಾನು, ಬರೆಯುವವಳೂ ನಾನೇ.

ನಮ್ಮದು ಇಂಡಿ ತಾಲ್ಲೂಕಿನ ಹದಿನಾಲ್ಕು ಮನೆಗಳ ವಸ್ತಿ. ಕರೆಂಟಿನ ಕಂಬಗಳು ಊರಿನ ತನಕ ಬಂದು ನಿಂತುಬಿಟ್ಟಿದ್ದವು. ಅಲ್ಲಿಂದ ನಮ್ಮ ವಸ್ತಿ ಎರಡು ಮೈಲಿ. ಹೆಂಗಸರು ಹಗಲು ಹೊಲಕ್ಕೆ ಹೋಗುತ್ತೇವೆ, ಹೊತ್ತು ಮುಳುಗಿದ ಮೇಲೆ ಹಳೆಯ ಬಟ್ಟೆ ಕೂಡಿಸಿ ಹೊದೆಯುವ ಕೌದಿ ಹೊಲಿದು ಸೊಲ್ಲಾಪುರದ ಪೇಟೆಗೆ ಕೊಡುತ್ತೇವೆ. ಚಿಮಣಿ ದೀಪದ ಹೊಗೆಯಲ್ಲಿ ಸೂಜಿ ಪೋಣಿಸಿ ಸಾಕಾಗಿ, ಒಂದು ವರ್ಷದ ಕೌದಿ ದುಡ್ಡನ್ನೆಲ್ಲ ಕೂಡಿಸಿ ಒಂದು ಸೋಲಾರ್ ಪ್ಲೇಟು, ಒಂದು ಬ್ಯಾಟರಿ, ಎರಡು ಟ್ಯೂಬ್‌ಲೈಟು ತರಿಸಿದೆವು. ಕೊಂಡು ಕಳಿಸಿದವನು ನನ್ನ ತಮ್ಮ ಮಲ್ಲಪ್ಪ. ಅವನು ದಾದರ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ, ಸಯನ್‌ನಲ್ಲಿ ಇರುತ್ತಿದ್ದ.

ಪ್ಲೇಟನ್ನು ನನ್ನ ಮಾಳಿಗೆಯ ಮೇಲೆ ಇಟ್ಟರು. ನೋಡಿಕೊಳ್ಳುವ ಕೆಲಸವನ್ನೂ ನನಗೇ ಕೊಟ್ಟರು. ಜೊತೆಗೆ ಬಂದ ಕಾಗದ ಇಂಗ್ಲಿಷಿನದು, ಅದನ್ನು ಡಬ್ಬಿಯಲ್ಲಿ ಇಟ್ಟೆ. ಪ್ಲೇಟನ್ನು ಮಾತ್ರ ಹಸುಗೂಸಿನಂತೆ ನೋಡಿಕೊಂಡೆ. ಧೂಳು ಒರೆಸಿದೆ, ಕಾಗೆ ಕೂಡಗೊಡಲಿಲ್ಲ. ಚಳಿಗಾಲವೆಲ್ಲ ಲೈಟು ಚೆನ್ನಾಗಿ ಉರಿಯಿತು. ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಅರ್ಧ ತಾಸಿಗೇ ಮಂಕಾಗತೊಡಗಿತು. ಆಮೇಲೆ ಅದೂ ಇಲ್ಲ.

ಬೇವಿನ ಗಿಡದ ಕೆಳಗೆ ಎಲ್ಲರೂ ಸೇರಿದರು. ಎಲ್ಲರ ಕಣ್ಣೂ ನನ್ನ ಮೇಲೆ. ಆ ನೋಟ ತಡೆಯಲಾಗದೆ ನಾನು ಒಂದು ಮಾತು ಆಡಿದೆ: ನನ್ನ ತಮ್ಮ ಅಗ್ಗದ ಮಾಲು ಕೊಂಡು ಉಳಿದದ್ದು ತಿಂದಿರಬೇಕು. ಒಡಹುಟ್ಟಿದ ಅಕ್ಕನೇ ಹೇಳಿದ ಮೇಲೆ ಯಾರು ನಂಬುವುದಿಲ್ಲ? ಮಾತು ನನಗಿಂತ ಮೊದಲು ಸಯನ್ ಮುಟ್ಟಿತು.

ಕಡೆಗೆ ಹೆಂಗಸರು ಹೀಗೆ ತೀರ್ಮಾನಿಸಿದರು: ಪ್ಲೇಟನ್ನು ನಾನೇ ಮುಂಬಯಿಗೆ ಒಯ್ದು ತೋರಿಸಬೇಕು. ಮಾಲು ಒಳ್ಳೆಯದಾದರೆ ಈ ವರ್ಷದ ಕೌದಿ ದುಡ್ಡು ಎರಡನೇ ಪ್ಲೇಟಿಗೆ. ಖೋಟಾ ಆದರೆ ಕಳ್ಳ ಯಾರೆಂದು ತಿಳಿದು ಬರಬೇಕು. ಆಗ ನಮಗೆ ಮತ್ತೆ ಚಿಮಣಿಯೇ ಗತಿ.

ಪ್ಲೇಟಿಗೆ ಕೌದಿ ಸುತ್ತಿ, ಹಗ್ಗ ಬಿಗಿದು ಬಸ್ ಹತ್ತಿದೆ. ಅದು ನನ್ನ ಎದೆಯೆತ್ತರ ಇತ್ತು. ಕಂಡಕ್ಟರ್ ಅದಕ್ಕೂ ಅರ್ಧ ಟಿಕೀಟು ಎಂದ. ಅದು ಊಟ ಕೇಳುವುದಿಲ್ಲ, ಸೀಟೂ ಕೇಳುವುದಿಲ್ಲ, ಟಿಕೀಟು ಯಾಕೆಂದೆ. ಅವನು ಮುಂದಿನ ಸೀಟಿನವರ ಟಿಕೀಟು ಹರಿಯಲು ಹೋದ. ಸೊಲ್ಲಾಪುರದಿಂದ ದಾದರ್‌ಗೆ ನಾನೂರೈವತ್ತು ಕಿಲೋಮೀಟರಂತೆ; ಜನರಲ್ ಡಬ್ಬಿಯಲ್ಲಿ ಬಾಗಿಲ ಪಕ್ಕ ಪ್ಲೇಟು ತಬ್ಬಿಕೊಂಡೇ ಕುಳಿತೆ. ಕಟ್ಟಿಕೊಂಡಿದ್ದ ಜೋಳದ ರೊಟ್ಟಿ, ನಂಚಿಕೊಳ್ಳುವ ಶೇಂಗಾ ಹಿಂಡಿ ಪುಣೆ ಬರುವ ಹೊತ್ತಿಗೆ ಮುಗಿದವು.

ದಾದರ್‌ನಲ್ಲಿ ಮಲ್ಲಪ್ಪ ನಿಂತಿದ್ದ. ಆರಾಮೇನು ಎಂದು ಕೇಳಲಿಲ್ಲ. ಪ್ಲೇಟಿನ ಒಂದು ತುದಿ ಹಿಡಿದ, ಇನ್ನೊಂದು ತುದಿ ನಾನು. ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಯ ಹೆಂಗಸೊಬ್ಬಳು, ಇದೇನು ಕನ್ನಡಿಯೇ, ಮುಖ ಕಾಣುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದಳು. ಕಂಡರೆ ಹೇಳುತ್ತೇನೆ ಎಂದೆ. ಮಲ್ಲಪ್ಪ ಹೊರಗೆ ನೋಡುತ್ತಿದ್ದ.

ಸಯನ್‌ನ ಚಾಳಿನ ಖೋಲಿಯಲ್ಲಿ ಮಲ್ಲಪ್ಪನಲ್ಲದೆ ನಮ್ಮ ಕಡೆಯವರೇ ಐದು ಮಂದಿ. ಅವರಲ್ಲಿ ಹಿರಿಯ ಬಸಣ್ಣ ಕಾಕಾ, ಮೊದಲು ಗಿರಣಿಯಲ್ಲಿದ್ದವನು, ಈಗ ಒಂದು ಬಿಲ್ಡಿಂಗಿನ ವಾಚ್‌ಮನ್. ಹಿಂದೆ ಎಲ್ಲರ ಊರಿನ ಪತ್ರ, ಮನಿಯಾರ್ಡರು ಮಲ್ಲಪ್ಪನೇ ಬರೆದುಕೊಡುತ್ತಿದ್ದ. ಈಗ ರಸ್ತೆಯಾಚೆಯ ಅಂಗಡಿಯವನ ಹತ್ತಿರ ಬರೆಸುತ್ತಿದ್ದರು. ಯಾಕೆಂದು ನಾನು ಕೇಳಬೇಕಾಗಿರಲಿಲ್ಲ. ಆ ಎರಡು ರಾತ್ರಿ ನಾನು ಪಕ್ಕದ ಖೋಲಿಯ ಅಜ್ಜಿಯ ಹತ್ತಿರ ಮಲಗಿದೆ.

ಮರುದಿನ ಫೋರ್ಟಿಗೆ ಹೋದೆವು. ಪ್ಲೇಟು ಮಾರಿದ ಕಂಪನಿಯ ಆಫೀಸು ಹಳೆಯ ಕಟ್ಟಡದ ಮೂರನೇ ಮಾಳಿಗೆಯಲ್ಲಿ. ಲಿಫ್ಟಿನವನು ಪ್ಲೇಟನ್ನು ಒಳಗೆ ಬಿಡಲಿಲ್ಲ, ಮೆಟ್ಟಿಲು ಹತ್ತಿದೆವು. ಸಾಹೇಬರು ಹನ್ನೆರಡರ ತನಕ ಕೂಡಿಸಿ ಒಳಗೆ ಕರೆದರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ಮಲ್ಲಪ್ಪ ನನಗೆ ಹೇಳಿದ: ಹಳ್ಳಿಯವರಿಗೆ ಇಂಥ ವಸ್ತು ನೋಡಿಕೊಳ್ಳಲು ಬರುವುದಿಲ್ಲ, ಎರಡು ವರ್ಷದಲ್ಲಿ ಹೇಗೂ ಸರ್ಕಾರದ ವೈರು ಬರುತ್ತದೆ, ಅಲ್ಲಿಯ ತನಕ ಯಾಕೆ ದುಡ್ಡು ಹಾಕುತ್ತೀರಿ.

"ಆ ಎರಡು ವರ್ಷ ನೀವು ಬಂದು ನಮ್ಮ ಕತ್ತಲ್ಯಾಗ ಕೂಡ್ರಿ. ನಾವು ಇಲ್ಲಿ ನಿಮ್ಮ ಫ್ಯಾನಿನ ಕೆಳಗ ಕೂಡತೀವಿ. ಹಂಗs ಹೇಳು ಅವರಿಗೆ" ಎಂದೆ.

ಮಲ್ಲಪ್ಪ ಹಾಗೇ ಹೇಳಿದನೋ ತಿರುಚಿ ಹೇಳಿದನೋ ಗೊತ್ತಿಲ್ಲ. ಸಾಹೇಬರು ಒಂದು ಚೀಟಿ ಬರೆದು, ನಾಳೆ ಮುಲುಂಡಿನ ತಮ್ಮ ಎಂಜಿನಿಯರರ ಹತ್ತಿರ ತೋರಿಸಿ ಎಂದರು. ಕೆಳಗಿನ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಸಾಂಬಾರು ಸಿಹಿ ಇತ್ತು, ಆದರೂ ಎರಡು ಸಲ ಹಾಕಿಸಿಕೊಂಡೆ.

ಮೂರನೇ ದಿನ ಮುಲುಂಡ್. ಎಂಜಿನಿಯರ್ ಶ್ರೀಕಂಠಯ್ಯನವರು ಮೈಸೂರಿನ ಕಡೆಯವರು, ಇದ್ದದ್ದು ಸೊಸೈಟಿ ಬಿಲ್ಡಿಂಗಿನಲ್ಲಿ. ಕನ್ನಡ ಕೇಳಿ ಖುಷಿಪಟ್ಟು ಮಜ್ಜಿಗೆ ಕೊಡಿಸಿದರು. ಟೆರೇಸಿನ ಮೇಲೆ ಪ್ಲೇಟು ಬಿಚ್ಚಿಟ್ಟು, ಅದರ ವೈರಿಗೆ ಒಂದು ಸಣ್ಣ ಫ್ಯಾನು ಜೋಡಿಸಿದರು. ಬ್ಯಾಟರಿ ಇಲ್ಲ, ಏನಿಲ್ಲ. ಫ್ಯಾನು ಗಿರ್ರನೆ ತಿರುಗಿತು. ಇರಿ, ಮೀಟರ್ ತರುತ್ತೇನೆ ಎಂದು ಅವರು ಕೆಳಗೆ ಇಳಿದರು.

ಹನ್ನೆರಡು ಗಂಟೆಯ ಬಿಸಿಲು. ಕಾಲ ಕೆಳಗಿನ ಗಚ್ಚು ಸುಡುತ್ತಿತ್ತು. ನನ್ನ ಕೈ ತಾನಾಗಿಯೇ ಕೌದಿ ಎತ್ತಿ ಪ್ಲೇಟಿನ ಮೇಲೆ ಹೊಚ್ಚಿತು. ಫ್ಯಾನು ನಿಂತಿತು.

ಮಲ್ಲಪ್ಪ ಕೌದಿ ನೋಡಿದ, ಫ್ಯಾನು ನೋಡಿದ, ನನ್ನನ್ನು ನೋಡಿದ. ಬಗ್ಗಿ ಕೌದಿ ಸರಿಸಿದ. ಫ್ಯಾನು ತಿರುಗಿತು.

"ಊರಾಗೂ ಹಿಂಗs ಹೊಚ್ಚತಿದ್ದೇನು ಅಕ್ಕಾ?"

ದಿನವೂ ಹೊಚ್ಚುತ್ತಿದ್ದೆ. ಬೇಸಿಗೆ ಹತ್ತಿದಂದಿನಿಂದ ಬೆಳಿಗ್ಗೆ ಹತ್ತಕ್ಕೆ ಏಣಿ ಹತ್ತಿ ಹೊಚ್ಚಿ, ಸಂಜೆ ನಾಲ್ಕಕ್ಕೆ ತೆಗೆಯುತ್ತಿದ್ದೆ. ಎಳೆಬಿಸಿಲು, ಸಂಜೆಬಿಸಿಲು ಸಾಕು, ನಡುಹಗಲ ಬಿಸಿಲಿಗೆ ಗಾಜು ಸೀಳೀತು ಎಂದುಕೊಂಡಿದ್ದೆ.

"ಇಲ್ಲ" ಎಂದೆ.

ಶ್ರೀಕಂಠಯ್ಯನವರು ಬಂದು ಮೀಟರ್ ಹಚ್ಚಿದರು. ಪ್ಲೇಟು ಗಟ್ಟಿಮುಟ್ಟಾಗಿದೆ ಅಮ್ಮಾ, ಎಲ್ಲೋ ವೈರು ಸಡಿಲ ಆಗಿರಬಹುದು ಎಂದರು. ಆಗಿರಬಹುದು ಎಂದೆ. ಪ್ಲೇಟನ್ನು ಹೇಗೆ ನೋಡಿಕೊಳ್ಳಬೇಕೆಂದು ಕನ್ನಡದಲ್ಲಿ ಬರೆದುಕೊಡಿ, ನಿಮ್ಮ ಇಂಗ್ಲಿಷ್ ಕಾಗದ ನಮಗೆ ಒಲೆ ಹಚ್ಚಲಿಕ್ಕೂ ಸಾಲುವುದಿಲ್ಲ ಎಂದು ಜಬರಿನಿಂದಲೇ ಕೇಳಿದೆ. ಅವರು ನಕ್ಕು ಬರೆದುಕೊಟ್ಟರು. ಮೊದಲನೇ ಸಾಲು: ಪ್ಲೇಟಿನ ಮೇಲೆ ಯಾವಾಗಲೂ ನೆರಳು ಬೀಳಬಾರದು. ಮಲ್ಲಪ್ಪ ಅದನ್ನು ನನಗೆ ಓದಿ ಹೇಳಿದ. ನನಗೆ ಓದಲು ಬರುತ್ತದೆಂದು ಅವನಿಗೆ ಗೊತ್ತಿತ್ತು.

ಮುಲುಂಡಿನಿಂದ ಸಯನ್‌ಗೆ ಲೋಕಲ್ ಹತ್ತಿದೆವು. ಭಾಂಡುಪ್, ಘಾಟ್ಕೋಪರ್, ಕುರ್ಲಾ ದಾಟಿದವು. ಪ್ಲೇಟು ಒಳ್ಳೆಯದೆಂದು ಸಾಬೀತಾಯಿತು, ಅವನ ಮೇಲಿನ ಮಾತೂ ಅಲ್ಲಿಗೆ ಮುಗಿಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮುಗಿದಿರಲಿಲ್ಲ. ಖೋಟಾ ಪ್ಲೇಟು ಬದಲಿ ಮಾಡಿಸಿದ ಎನ್ನುತ್ತಾರೆ, ರಿಪೇರಿ ಮಾಡಿಸಿದ ಎನ್ನುತ್ತಾರೆ. ನಮ್ಮ ಮಂದಿ ನನಗೆ ಗೊತ್ತಿಲ್ಲವೇ.

ಖೋಲಿಯಲ್ಲಿ ಆಗಲೇ ಎಲ್ಲರೂ ಬಂದಿದ್ದರು. ಬಸಣ್ಣ ಕಾಕಾ ಚಹಾ ಸೋಸುತ್ತಾ ನನ್ನ ಕಡೆ ತಿರುಗಿ, "ಏನವಾ, ಕಳ್ಳ ಸಿಕ್ಕನೇನು?" ಎಂದ. ಕಣ್ಣು ಮಾತ್ರ ಮಲ್ಲಪ್ಪನ ಮೇಲೆ.

"ಸಿಕ್ಕಾನ. ಕಳ್ಳ ಅಲ್ಲ ಕಾಕಾ, ಕಳ್ಳಿ. ನಾನs" ಎಂದೆ.

ಕೌದಿಯನ್ನು ಅವರ ನಡುವೆ ಹಾಸಿ ಎಲ್ಲವನ್ನೂ ಹೇಳಿದೆ. ಹೊಚ್ಚಿದ್ದು, ಬೇವಿನ ಗಿಡದ ಕೆಳಗೆ ತಮ್ಮನ ಮೇಲೆ ಹಾಕಿದ್ದು, ಇವತ್ತು ಟೆರೇಸಿನ ಮೇಲೆ ಮತ್ತೊಮ್ಮೆ ಸುಳ್ಳಾಡಿದ್ದು. ಕಾಕಾ ಬಿದ್ದು ಬಿದ್ದು ನಕ್ಕ. ಸೂರ್ಯನಿಗೆ ಛತ್ರಿ ಹಿಡಿದಿ ನೋಡವಾ ಎಂದ. ನಗ್ರಿ, ಆದರೆ ಇವನನ್ನು ಕಳ್ಳ ಎಂದಾಗ ಎಷ್ಟು ಜೋರಾಗಿ ಅಂದಿದ್ದಿರೋ ಅಷ್ಟೇ ಜೋರಾಗಿ ಕಳ್ಳ ಅಲ್ಲ ಅನ್ರಿ ಎಂದೆ. ಅವನ ನಗು ನಿಂತಿತು. ಮೊದಲ ಕಪ್ಪು ಮಲ್ಲಪ್ಪನ ಕೈಗೆ ಕೊಟ್ಟ. ಆಮೇಲೆ ಟ್ರಂಕಿನಿಂದ ಒಂದು ಮನಿಯಾರ್ಡರ್ ಫಾರ್ಮು ತೆಗೆದು, "ಮಲ್ಲಪ್ಪಾ, ಇದನ್ನ ನೀನs ಬರಿ" ಎಂದ.

ದಾದರ್‌ನಲ್ಲಿ ಗಾಡಿ ಹತ್ತಿಸಿ ಮಲ್ಲಪ್ಪ ಕಿಟಕಿಯ ಹತ್ತಿರ ಬಂದ.

"ಇಲ್ಲಿ ಐದು ಮಂದಿ ಕೇಳ್ಯಾರ. ಬೇವಿನ ಗಿಡದ ಕೆಳಗ ಎಷ್ಟು ಮಂದಿ ಇದ್ರು?"

"ಎಲ್ಲಾರೂ ಇದ್ರು" ಎಂದೆ.

ಅವನು ತಲೆಯಾಡಿಸಿದ. ಆಮೇಲೆ ಕೈ ಚಾಚಿ ಪ್ಲೇಟಿನ ಮೇಲಿನ ಕೌದಿ ಎಳೆದುಕೊಂಡ. "ಇದು ನನ್ನ ಹತ್ರ ಇರಲಿ. ನಿನ್ನ ಕೈಯಾಗ ಇದ್ರ ಮತ್ತ ಹೊಚ್ಚತಿ." ಗಾಡಿ ಬಿಟ್ಟಾಗ ತಿರುಗಿ ನೋಡಿದೆ. ಆ ಸೆಕೆಯಲ್ಲಿ ಕೌದಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

ಬಸ್ ಇಳಿದವಳು ಮನೆಗೆ ಹೋಗಲಿಲ್ಲ. ಬೇವಿನ ನೆರಳಿನ ಆಚೆ, ಬಿಸಿಲಿಗೆ ಪ್ಲೇಟು ನಿಲ್ಲಿಸಿ ಎಲ್ಲರನ್ನೂ ಕರೆದೆ. ಸಯನ್‌ನಲ್ಲಿ ಹೇಳಿದ್ದನ್ನೇ ಹೇಳಿದೆ, ಒಂದು ಮಾತೂ ಬಿಡದೆ. ಕೆಲವರು ನಕ್ಕರು, ಕೆಲವರು ಬೈದರು. ಎರಡನೇ ಪ್ಲೇಟು ಕೊಳ್ಳೋಣ, ನೋಡಿಕೊಳ್ಳುವ ಕೆಲಸ ಮಾತ್ರ ಬೇರೆಯವರಿಗೆ ಕೊಡೋಣ ಎಂದರು. ಯಾಕೆ, ತಪ್ಪು ಏನೆಂದು ಚೆನ್ನಾಗಿ ಗೊತ್ತಿರುವವಳು ಇಲ್ಲಿ ನಾನೊಬ್ಬಳೇ, ನನಗೇ ಕೊಡಿ ಎಂದೆ. ಕೊಟ್ಟರು. ಕನ್ನಡದ ಕಾಗದವನ್ನು ಏಣಿಯ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಸರ್ಕಾರದ ವೈರು ಇನ್ನೂ ಊರಿನಲ್ಲೇ ನಿಂತಿದೆ.

ಎರಡನೇ ಪ್ಲೇಟನ್ನು ದೀಪಾವಳಿಗೆ ಮಲ್ಲಪ್ಪನೇ ಹೊತ್ತು ತಂದ. ಕೌದಿ ಮಾತ್ರ ತರಲಿಲ್ಲ.