ಕೆರೆ ಕೆಳಗಿನ ಕಂದಕ

ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಸಂಸ್ಥಾನದ ಸಿಪಾಯಿಗಳಿಗೆ ಯುದ್ಧ ಕಲಿಸಲು ಒಬ್ಬ ಬ್ರಿಟಿಷ್ ಕ್ಯಾಪ್ಟನ್ ಬಂದಿದ್ದರು. ಮರುಭೂಮಿಯಲ್ಲಿ ಹೋರಾಡಿ ಬಂದವರು. ಅವರ ಪಾಲಿಗೆ ನೆಲವೆಂದರೆ ಮರಳು. ನಾನು ಅವರ ದುಭಾಷಿ.

ಕೆರೆಬಿಳಚಿ ಎಂಬ ಊರಿನ ಹತ್ತಿರ, ಕೆರೆಯ ಕೆಳಗಿನ ಗದ್ದೆಯಲ್ಲಿ ಎದೆಮಟ್ಟದ ಕಂದಕ ತೋಡಲು ಅಪ್ಪಣೆಯಾಯಿತು.

ಪಕ್ಕದ ನಲ್ಲೂರಿನ ಹವಾಲ್ದಾರ್ ರುದ್ರಪ್ಪ, "ಇಲ್ಲಿ ಮೊಳ ಅಗೆದ್ರೆ ನೀರು ಬರ್ತೈತೆ ಅಂತ ಸಾಹೇಬ್ರಿಗೆ ಹೇಳ್ರಿ" ಎಂದ. ಹೇಳಿದೆ. "ಪುಸ್ತಕದಲ್ಲಿ ಹಾಗಿಲ್ಲ" ಎಂದರು ಕ್ಯಾಪ್ಟನ್.

ಸಿಪಾಯಿಗಳು ತೋಡಿದರು. ಒಳಗೆ ಹೇಗೆ ನಿಲ್ಲಬೇಕೆಂದು ತೋರಿಸಲು ಕ್ಯಾಪ್ಟನ್ನರೇ ಹಾರಿ, ಸೊಂಟದವರೆಗೆ ಕೆಸರಿನಲ್ಲಿ ಹೂತುಹೋದರು. ನಾಲ್ಕು ಜನ ಎಳೆದಾಗ ಅವರು ಬಂದರು, ಒಂದು ಬೂಟು ಬರಲಿಲ್ಲ.

ಯಾರೂ ನಗಲಿಲ್ಲ. "ಮುಂದಿನ ತಿಂಗಳು ನಾವು ಬರ್ಮಾಕ್ಕೆ ಹೋಗೋರು. ಅಲ್ಲಿ ಬರೀ ಮಳೆಯಂತೆ. ಗುಂಡು ಹಾರೋವಾಗ ಹಿಂಗೆ ಸಿಕ್ಕೊಂಡ್ರೆ ಎಳೆಯಾಕೆ ಯಾರು ಬರ್ತಾರ್ರೀ?" ಎಂದ ರುದ್ರಪ್ಪ. ಅದನ್ನೂ ಒಂದಕ್ಷರ ಬಿಡದೆ ಹೇಳಿದೆ.

ಕ್ಯಾಪ್ಟನ್ ಮುಖ ಒರೆಸಿಕೊಂಡು, "ನೀರಿನ ವಿಷಯ ಮೊದಲೇ ಯಾಕೆ ಹೇಳಲಿಲ್ಲ?" ಎಂದರು.

"ಹೇಳಿದ್ದೆ ಸರ್."

"ಹಾಗಾದರೆ ನಿನ್ನ ಇಂಗ್ಲಿಷೇ ಸರಿಯಿಲ್ಲ."

ತರಬೇತಿಯ ಸುಧಾರಣೆಗೆ ಅವರು ಬರೆದ ಸಲಹೆ ಒಂದೇ: ದುಭಾಷಿಗೆ ಇಂಗ್ಲಿಷ್ ಕಲಿಸಿ. ರುದ್ರಪ್ಪನ ತುಕಡಿ ಮರಳಿನ ಪಾಠ ಮುಗಿಸಿ ಬರ್ಮಾಕ್ಕೆ ಹೊರಟಿತು, ನಾನು ಇಂಗ್ಲಿಷ್ ಕಲಿಯಲು ಹೊರಟೆ. ಮುಂದೆ ಬಂದ ಸಾಹೇಬರು ನನ್ನ ಭಾಷೆಯನ್ನು ಬಹಳ ಮೆಚ್ಚಿಕೊಂಡರು. ಸಿಪಾಯಿಗಳು ಏನೇ ಹೇಳಲಿ, ನಾನು "ಎಸ್ ಸರ್" ಎಂದೇ ಅನುವಾದಿಸುತ್ತಿದ್ದೆ.